ಕೃಷ್ಣಪ್ಪ ಗೌಡ ಮುಖ್ಯಮಂತ್ರಿ ಆಗಬೇಕಿತ್ತೆ?

ಶಾಂತವೇರಿ ಗೋಪಾಲಗೌಡರು ಮುಖ್ಯಮಂತ್ರಿ ಆಗಲಿಲ್ಲ. ಮಂತ್ರಿಯೂ ಆಗಲಿಲ್ಲ. ಕಾಗೋಡು ಸತ್ಯಾಗ್ರಹದ ಕಾವು ಇನ್ನೂ ಆರದಿದ್ದ 1952ರಲ್ಲಿ ಮೊದಲ ಸಲ ವಿಧಾನಸಭೆಗೆ ಗೆದ್ದು ಬಂದ ಈ ಸಮಾಜವಾದಿ 1962ರಲ್ಲಿ, 1967ರಲ್ಲಿ ಮತ್ತೆ ಗೆದ್ದರು. ಸದನದಲ್ಲಿ ಗುಡುಗಿದರು. ಕೊನೆಗೆ ಕಾಯಿಲೆಯಲ್ಲಿ ನರಳಿ 1972ರ ಜೂನ್ 9ರಂದು ತೀರಿಕೊಂಡರು. ಆಗ ಅವರಿಗೆ ಐವತ್ತೂ ತುಂಬಿರಲಿಲ್ಲ.

ಆರು ವರ್ಷದ ನಂತರ, 1978ರಲ್ಲಿ, ಅವರ ಗೆಳೆಯ ಯು.ಆರ್. ಅನಂತಮೂರ್ತಿ ‘ಅವಸ್ಥೆ’ ಕಾದಂಬರಿ ಪ್ರಕಟಿಸಿದರು. ಅದರ ನಾಯಕ ಕೃಷ್ಣಪ್ಪ ಗೌಡನ ಮೇಲೆ ಗೋಪಾಲಗೌಡರ ನೆರಳಿದೆ ಎನ್ನುವುದು ಕನ್ನಡ ಓದುಗರಿಗೆಲ್ಲ ಗೊತ್ತಿರುವ ಸಂಗತಿ. ದನ ಕಾಯುತ್ತಿದ್ದ ಹುಡುಗ ಓದಿ, ರೈತರ ನಡುವೆ ಬೆಳೆದು, ದೊಡ್ಡ ನಾಯಕನಾಗಿ, ಈಗ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದಾನೆ. ನಾಗೇಶ ಎಂಬ ಯುವಕ ಪಕ್ಕದಲ್ಲಿ ಕೂತು ಅವನ ಜೀವನಕಥೆ ಬರೆದುಕೊಳ್ಳುತ್ತಿದ್ದಾನೆ. ಅಷ್ಟರಲ್ಲಿ ಸರ್ಕಾರ ಉರುಳಿಸುವ ಲೆಕ್ಕಾಚಾರ ಶುರುವಾಗುತ್ತದೆ, ಮುಖ್ಯಮಂತ್ರಿ ಕುರ್ಚಿ ಹಾಸಿಗೆಯ ಬಳಿಗೇ ನಡೆದು ಬರುತ್ತದೆ. ಗೋಪಾಲಗೌಡರ ಬಾಳಿನಲ್ಲಿ ಎಂದೂ ಬಾರದ ಗಳಿಗೆ ಇದು. ಕಾದಂಬರಿಕಾರ ಅದನ್ನು ಬೇಕೆಂದೇ ತಂದಿಟ್ಟಿದ್ದಾರೆ.

ತಂದಿಡುವುದೇನೋ ಸುಲಭ. ಆಮೇಲೆ?

ರಾಜಕೀಯ ಕಾದಂಬರಿಯ ನಿಜವಾದ ಕಗ್ಗಂಟು ಇರುವುದು ಇಲ್ಲೇ. ಪ್ರೇಮಕಥೆಗೆ ಮದುವೆಯೋ ಅಗಲಿಕೆಯೋ ಕೊನೆಯಾದೀತು. ಪತ್ತೇದಾರಿ ಕಥೆ ಕೊಲೆಗಾರ ಸಿಕ್ಕಿದ ಕೂಡಲೇ ಮುಗಿಯಿತು. ರಾಜಕೀಯದಲ್ಲಿ ಹಾಗೆ ಮುಗಿಯುವುದು ಯಾವುದೂ ಇಲ್ಲ. ಕೃಷ್ಣಪ್ಪ ಗೌಡ ಪ್ರಮಾಣವಚನ ತೆಗೆದುಕೊಂಡರೆ ಓದುಗ ಚಪ್ಪಾಳೆ ತಟ್ಟಬಹುದು, ಇಲ್ಲವೇ ‘ಇವನೂ ಅಷ್ಟೇ’ ಎಂದು ಪುಸ್ತಕ ಮುಚ್ಚಬಹುದು. ಕುರ್ಚಿಗೆ ಒದ್ದು ಸತ್ತರೆ ಹುತಾತ್ಮನಾದಾನು. ಎರಡು ಬಗೆಯಲ್ಲೂ ಓದುಗ ನೆಮ್ಮದಿಯಿಂದ ನಿದ್ದೆ ಹೋಗುತ್ತಾನೆ. ಒಳ್ಳೆಯ ಕಾದಂಬರಿಕಾರನನ್ನು ಕಾಡುವುದು ಆ ನೆಮ್ಮದಿಯೇ.

ಗೋಪಾಲಗೌಡರ ಸಾವಿಗೂ ‘ಅವಸ್ಥೆ’ಯ ಪ್ರಕಟಣೆಗೂ ನಡುವೆ ಇನ್ನೊಂದು ಸಂಗತಿ ನಡೆದಿತ್ತು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮರುದಿನ ಇಲ್ಲೇ ಬಂಧಿತರಾಗಿ ಸೆಂಟ್ರಲ್ ಜೈಲು ಸೇರಿದರು. ಅನಂತಮೂರ್ತಿಯವರ ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ 1976ರಲ್ಲಿ ಅದೇ ಜೈಲಿಗೆ ಹೋದರು. ಆಸ್ತಮಾದಿಂದ ನರಳುತ್ತಿದ್ದ ಅವರನ್ನು ಬಿಟ್ಟು ಕಳಿಸಿದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು. ಇಷ್ಟು ಹತ್ತಿರದಿಂದ ಅಧಿಕಾರದ ಮುಖ ಕಂಡ ಲೇಖಕ, 1972ರಲ್ಲಿ ಸತ್ತ ಗೆಳೆಯನ ಕಥೆಯನ್ನು 1972ಕ್ಕೇ ನಿಲ್ಲಿಸುವುದು ಹೇಗೆ? ಹಾಗಾಗಿ ಕೃಷ್ಣಪ್ಪ ಗೌಡ ತನ್ನ ಮೂಲ ಮಾದರಿಗಿಂತ ಹೆಚ್ಚು ಕಾಲ ಬದುಕಿದ, ಹೆಚ್ಚು ಕೊಳಕನ್ನೂ ಕಾಣಬೇಕಾಯಿತು.

ಕಾದಂಬರಿ ಪಟ್ಟಾಭಿಷೇಕದಲ್ಲಿ ಮುಗಿಯುವುದಿಲ್ಲ. ಗದ್ದುಗೆ ಏರಿದನೇ ಎನ್ನುವುದಕ್ಕಿಂತ, ಏರಬಹುದು ಎಂಬ ಆಸೆ ಒಬ್ಬ ಪ್ರಾಮಾಣಿಕನನ್ನು ಏನು ಮಾಡುತ್ತದೆ ಎನ್ನುವುದರ ಮೇಲೆ ಅನಂತಮೂರ್ತಿ ಕಣ್ಣಿಟ್ಟಿದ್ದಾರೆ. ಎದ್ದು ನಡೆಯಲಾರದ ಮನುಷ್ಯನೊಳಗೆ ಆಸೆ ಮಾತ್ರ ಓಡಾಡುತ್ತಿರುತ್ತದೆ. ಅದಕ್ಕೇ ಇರಬೇಕು, ಹೆಸರು ‘ಅವಸ್ಥೆ’: ಅದು ದೇಹದ್ದೂ ಹೌದು, ನಾಡಿನದ್ದೂ ಹೌದು.

ಮುಂದಿನದ್ದನ್ನು ಚರಿತ್ರೆಯೇ ಬರೆಯಿತು, ಅದೂ ಕುಚೇಷ್ಟೆಯಿಂದ. ಗೋಪಾಲಗೌಡರ ಪ್ರಭಾವದಲ್ಲಿ ಸಮಾಜವಾದ ಕಲಿತ ಎಸ್. ಬಂಗಾರಪ್ಪ 1990ರಲ್ಲಿ ಮುಖ್ಯಮಂತ್ರಿಯಾದರು. ಅದೇ ಬಳಗದ ಜೆ.ಎಚ್. ಪಟೇಲರು 1996ರಲ್ಲಿ ಆದರು. ಕೃಷ್ಣ ಮಾಸಡಿ ನಿರ್ದೇಶನದ ‘ಅವಸ್ಥೆ’ ಸಿನಿಮಾದಲ್ಲಿ ಕೃಷ್ಣಪ್ಪ ಗೌಡನಾಗಿ ನಟಿಸಿದ ಅನಂತನಾಗ್ ಮಲ್ಲೇಶ್ವರದಿಂದ ಗೆದ್ದು ಪಟೇಲರ ಸಂಪುಟದಲ್ಲಿ ಮಂತ್ರಿಯೇ ಆಗಿಬಿಟ್ಟರು! ಯಾವ ಕಾದಂಬರಿಕಾರನಾದರೂ ಇಂಥ ಕೊನೆ ಬರೆದಿದ್ದರೆ ವಿಮರ್ಶಕರು ‘ಅಸಹಜ’ ಎಂದು ಕೆಂಪು ಗೆರೆ ಎಳೆಯುತ್ತಿದ್ದರು.

ಇನ್ನು ಕೊನೆ ಮೊದಲೇ ಗೊತ್ತಿರುವ ಕಥೆಗಳು. ಇವುಗಳ ಕಷ್ಟ ಬೇರೆ.

ಕಾಸರಗೋಡು ಸೀಮೆಯ ಕಯ್ಯೂರು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1941ರ ಮಾರ್ಚ್ 28ರಂದು ಅಲ್ಲಿ ರೈತರ ಮೆರವಣಿಗೆಗೆ ಸಿಕ್ಕಿಬಿದ್ದ ಒಬ್ಬ ಪೊಲೀಸನ ಕೈಗೆ ಜನ ಕೆಂಪು ಬಾವುಟ ಕೊಟ್ಟು ನಡೆಸಿದರು. ಅವನು ತಪ್ಪಿಸಿಕೊಳ್ಳಲು ಹೊಳೆಗೆ ಹಾರಿ ಸತ್ತ. ಮಂಗಳೂರಿನ ಸೆಷನ್ಸ್ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯಿತು. ಐವರಿಗೆ ಮರಣದಂಡನೆ, ಒಬ್ಬ ಇನ್ನೂ ಎಳೆಯನೆಂದು ಅವನ ಶಿಕ್ಷೆ ಮಾತ್ರ ಇಳಿಯಿತು. ಉಳಿದ ನಾಲ್ವರನ್ನು, ಮಠತ್ತಿಲ್ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್ ಮತ್ತು ಅಬೂಬಕ್ಕರ್ ಅವರನ್ನು, 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು.

ಸುಳ್ಯ ಕಡೆಯ ಕುಳ್ಕುಂದದ ಹುಡುಗ ಶಿವರಾಯ ಕಯ್ಯೂರಿನ ಪಕ್ಕದ ನೀಲೇಶ್ವರದ ಹೈಸ್ಕೂಲಿನಲ್ಲಿ ಓದಿದವನು. ಮುಂದೆ ಅವನು ನಿರಂಜನ ಎಂಬ ಹೆಸರಿನಲ್ಲಿ ಬರೆದ. 1955ರಲ್ಲಿ ಬಂದ ‘ಚಿರಸ್ಮರಣೆ’ ಕಯ್ಯೂರಿನ ಕಥೆ. ಅಪ್ಪು, ಚಿರುಕಂಡ ಎಂಬ ಗೆಳೆಯರು, ಅವರಿಗೆ ಓದು ಹಚ್ಚುವ ಮೇಷ್ಟರು, ಗೇಣಿ, ಜಮೀನ್ದಾರ, ಸಂಘ ಕಟ್ಟುವ ರಾತ್ರಿಗಳು. ಓದುಗನಿಗೆ ಕೊನೆ ಗೊತ್ತು. ಮರೆಮಾಚುವಂಥದ್ದು ಏನೂ ಇಲ್ಲ. ಏನಾಗುತ್ತದೆ ಎಂಬ ಕುತೂಹಲವನ್ನು ಕೈಬಿಟ್ಟು, ಇವರೇ ಯಾಕೆ ಅಲ್ಲಿಗೆ ಬಂದು ನಿಂತರು ಎಂಬುದರ ಮೇಲೆ ಇಡೀ ಭಾರ ಹಾಕಬೇಕಾಗುತ್ತದೆ. ನಿರಂಜನರು ಮಾಡಿದ್ದು ಅದನ್ನೇ. ಹುಡುಗರು ಬೆಳೆಯುವುದನ್ನು ಎಷ್ಟು ನಿಧಾನವಾಗಿ ಹೇಳುತ್ತಾರೆಂದರೆ, ನೇಣು ಬರುವ ಹೊತ್ತಿಗೆ ಅದು ಸುದ್ದಿಯಾಗಿ ಉಳಿಯುವುದಿಲ್ಲ, ನಮ್ಮ ಮನೆಯ ಹುಡುಗರ ಕುತ್ತಿಗೆಗೇ ಬಿದ್ದಂತಾಗುತ್ತದೆ. ನೇಣಿನ ನಂತರ ಏನು ಎನ್ನುವುದಕ್ಕೆ ಉತ್ತರ ಶೀರ್ಷಿಕೆಯಲ್ಲೇ ಇದೆ.

ಆದರೂ ನೇಣಿನ ನಂತರದ ನಿಜ ಕಥೆ ನಿರಂಜನರಿಗೆ ಸಿಗಲಿಲ್ಲ. ಸಿಗುವಂತೆಯೂ ಇರಲಿಲ್ಲ. ಪುಸ್ತಕ ಬಂದ ಮರುವರ್ಷ, 1956ರ ನವೆಂಬರ್ 1ರಂದು, ಕಯ್ಯೂರು ಕೇರಳಕ್ಕೆ ಸೇರಿತು. 1957ರ ಏಪ್ರಿಲ್‌ನಲ್ಲಿ ಆ ರಾಜ್ಯದಲ್ಲಿ ಕಮ್ಯುನಿಸ್ಟರು ಚುನಾವಣೆಯಲ್ಲಿ ಗೆದ್ದು ಸರ್ಕಾರ ಮಾಡಿದರು. ಕಯ್ಯೂರು ಪ್ರಕರಣದಲ್ಲಿ ಆರೋಪಿಯಾಗಿ ತಲೆಮರೆಸಿಕೊಂಡಿದ್ದ ಇ.ಕೆ. ನಾಯನಾರ್ 1980ರಲ್ಲಿ ಮುಖ್ಯಮಂತ್ರಿಯಾದರು. ಎರಡು ವರ್ಷ ತಡೆದು ಬರೆದಿದ್ದರೆ ‘ಚಿರಸ್ಮರಣೆ’ ಗೆಲುವಿನ ಕಾದಂಬರಿ ಆಗಿಬಿಡುವ ಅಪಾಯವಿತ್ತು. ಅಪಾಯ ಎಂದದ್ದು ತಿಳಿದೇ. ಸರ್ಕಾರ ರಚನೆಯ ಸಂಭ್ರಮ ಕೊನೆಯ ಪುಟಕ್ಕೆ ಬಂದಿದ್ದರೆ ನಾಲ್ವರ ಸಾವು ಅದಕ್ಕೊಂದು ಮೆಟ್ಟಿಲಷ್ಟೇ ಆಗುತ್ತಿತ್ತು. ಕನ್ನಡದ ಈ ಕಾದಂಬರಿ ಮಲಯಾಳಕ್ಕೆ ಹೋಗಿ ಅಲ್ಲಿನವರದ್ದೇ ಆಯಿತು.

1971ರಲ್ಲಿ ನಿರಂಜನರಿಗೆ ಪಾರ್ಶ್ವವಾಯು ಹೊಡೆಯಿತು. ಅದರ ನಂತರ, 1976ರಲ್ಲಿ ಬಂದದ್ದು ‘ಮೃತ್ಯುಂಜಯ’. ನೂರಾರು ಪುಟಗಳ ಆ ಕಾದಂಬರಿ ನಡೆಯುವುದು ಸಾವಿರಾರು ವರ್ಷ ಹಿಂದಿನ ಈಜಿಪ್ಟಿನಲ್ಲಿ. ಫೇರೋನ ತೆರಿಗೆಗೆ ಎದುರು ನಿಂತ ಜನರ ಬಂಡಾಯದ ಕಥೆ. ಬಂಡಾಯದ ನಾಯಕ ಉಳಿಯುವುದಿಲ್ಲ. ಹೆಸರು ಮಾತ್ರ ಸಾವನ್ನು ಗೆದ್ದವನದು. ತುರ್ತುಪರಿಸ್ಥಿತಿಯ ನಡುವೆ ನೈಲ್ ನದಿಯ ರೈತರ ದಂಗೆ ಪ್ರಕಟವಾಯಿತು ಎನ್ನುವುದನ್ನು ಓದುಗರು ತಮಗೆ ಬೇಕಾದಂತೆ ಅರ್ಥಮಾಡಿಕೊಳ್ಳಬಹುದು.

ಗವಿಪುರದ ಮನೆಯಲ್ಲಿ ಮಾಸ್ತಿಯವರಿಗೂ ಇಂಥದೇ ಸವಾಲು ಇತ್ತು. 1956ರ ‘ಚಿಕವೀರ ರಾಜೇಂದ್ರ’ಕ್ಕೆ ಮುಂದೆ 1983ರ ಸಾಲಿನ ಜ್ಞಾನಪೀಠ ಬಂತು. 1834ರಲ್ಲಿ ಕೊಡಗು ಇಂಗ್ಲಿಷರ ಪಾಲಾಯಿತು, ರಾಜ ಪದಚ್ಯುತನಾಗಿ ಕಾಶಿಗೆ, ಅಲ್ಲಿಂದ ಇಂಗ್ಲೆಂಡಿಗೆ ಹೋದ, ಮಗಳು ಗೌರಮ್ಮನಿಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು ಎನ್ನುವುದೆಲ್ಲ ದಾಖಲೆಯಲ್ಲಿದೆ. ಪರದೇಶದವರನ್ನೇ ಖಳರನ್ನಾಗಿ ಮಾಡಿ ಮುಗಿಸುವ ದಾರಿ ಮಾಸ್ತಿಯವರಿಗೆ ತೆರೆದೇ ಇತ್ತು. ಅವರು ಅರಮನೆಯೊಳಗಿನ ಕೊಳೆತವನ್ನೂ ಅಷ್ಟೇ ಶ್ರದ್ಧೆಯಿಂದ ತೋರಿಸಿದರು. ತ.ರಾ.ಸು. ಅಂತೂ ಚಿತ್ರದುರ್ಗದ ಪತನದ ಕಾದಂಬರಿಗೆ ‘ದುರ್ಗಾಸ್ತಮಾನ’ ಎಂದು ಹೆಸರಿಟ್ಟು, ಕೊನೆ ಏನೆಂಬುದನ್ನು ಮುಖಪುಟದಲ್ಲೇ ಹೇಳಿಬಿಟ್ಟರು.

ಕೊನೆಯನ್ನು ಬದಲಿಸಿದ ಪ್ರಸಂಗಗಳೂ ಇವೆ. ಎಲ್ಲಕ್ಕಿಂತ ಸ್ವಾರಸ್ಯದ್ದು ರವೀಂದ್ರನಾಥ ಠಾಕೂರರ ‘ಗೋರಾ’. ಕಟ್ಟಾ ಹಿಂದೂ ಯುವಕ ಗೋರಾನಿಗೆ ತಾನು 1857ರ ದಂಗೆಯ ಕಾಲದಲ್ಲಿ ಅನಾಥನಾಗಿ ಸಿಕ್ಕ ಐರಿಷ್ ದಂಪತಿಯ ಮಗು ಎಂದು ತಿಳಿಯುವುದು ಅದರ ತಿರುವು. ಕಾದಂಬರಿ ಅಚ್ಚಾಗುವ ಮೊದಲೇ ಠಾಕೂರರು ಈ ಕಥೆಯನ್ನು ಶಿಲೈದಹದಲ್ಲಿ ಅತಿಥಿಯಾಗಿದ್ದ ಸೋದರಿ ನಿವೇದಿತಾಗೆ ಹೇಳಿದ್ದರು. ಆಗಿನ ಕೊನೆಯಲ್ಲಿ, ಗೋರಾ ಪರದೇಶದ ರಕ್ತದವನೆಂದು ಗೊತ್ತಾದ ಮೇಲೆ ಅವನ ಶಿಷ್ಯೆಯಂತಿದ್ದ ಸುಚರಿತೆಯೂ ಅವನನ್ನು ನಿರಾಕರಿಸುತ್ತಾಳೆ. ನಿವೇದಿತಾ ಕೆರಳಿದರು. ಹುಟ್ಟಿನಿಂದ ಐರಿಷ್ ಆಗಿದ್ದು ಬದುಕನ್ನೇ ಭಾರತಕ್ಕೆ ಕೊಟ್ಟ ಹೆಣ್ಣುಮಗಳಿಗೆ ಅದು ಬರಿಯ ಕಥೆಯಾಗಿ ಕೇಳಿಸಿತೆ? ಅಚ್ಚಾದ ‘ಗೋರಾ’ದಲ್ಲಿ ಆ ನಿರಾಕರಣೆ ಇಲ್ಲ. ಈ ಪ್ರಸಂಗವನ್ನು ಠಾಕೂರರೇ ಮುಂದೆ ಒಂದು ಪತ್ರದಲ್ಲಿ ಹೇಳಿಕೊಂಡಿದ್ದಾರೆ.

ಬದಲಾವಣೆ ಒಳ್ಳೆಯದಾಯಿತೆ? ಹೇಳುವುದು ಕಷ್ಟ. ಮೊದಲಿನ ಕೊನೆ ಸಮಾಜದ ಬಗ್ಗೆ ಹೆಚ್ಚು ನಿಜ ಹೇಳುತ್ತಿತ್ತೋ ಏನೋ. ಈಗಿನದು ಭಾರತ ಎಂದರೆ ಯಾರು ಎಂಬ ಪ್ರಶ್ನೆಯನ್ನು ದೊಡ್ಡದು ಮಾಡುತ್ತದೆ.

ಸ್ವದೇಶಿ ಚಳವಳಿ ಕುರಿತ ಅವರ ‘ಘರೇ ಬಾಯಿರೆ’ಯ ಕೊನೆಯಲ್ಲಿ ಗಲಭೆ ತಡೆಯಲು ಹೋದ ನಿಖಿಲೇಶನನ್ನು ತಲೆಗೆ ಪೆಟ್ಟು ಬಿದ್ದ ಸ್ಥಿತಿಯಲ್ಲಿ ಪಲ್ಲಕ್ಕಿಯಲ್ಲಿ ತರುತ್ತಾರೆ. ಬದುಕುತ್ತಾನೋ ಇಲ್ಲವೋ ಠಾಕೂರರು ಹೇಳುವುದಿಲ್ಲ. 1984ರಲ್ಲಿ ಸತ್ಯಜಿತ್ ರಾಯ್ ಸಿನಿಮಾ ಮಾಡಿದಾಗ ನಿಖಿಲೇಶನ ಹೆಂಡತಿ ಬಿಮಲಾಳನ್ನು ವಿಧವೆಯ ಉಡುಪಿನಲ್ಲಿ ತೋರಿಸಿ ಬಾಗಿಲು ಹಾಕಿದರು. 1916ರಲ್ಲಿ ತೆರೆದಿಡಬಹುದಾಗಿದ್ದ ಪ್ರಶ್ನೆಗೆ ದೇಶವಿಭಜನೆಯ ನಂತರದವರು ಉತ್ತರ ಕಂಡಿದ್ದರಲ್ಲ.

ಕೆಲವು ಕೊನೆಗಳು ಹಾಗೇ ಉಳಿದರೂ ಸುತ್ತಲಿನ ಕಾಲ ಅವುಗಳ ಅರ್ಥ ತಿರುಗಿಸುತ್ತದೆ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದ್ದು. ತುಂಡು ನೆಲ ಉಳುವ ಆಸೆ ಈಡೇರದೆ ಚೋಮ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಲೇ ಸಾಯುತ್ತಾನೆ. ಬಿ.ವಿ. ಕಾರಂತರು ಅದನ್ನು ತೆರೆಗೆ ತಂದದ್ದು 1975ರಲ್ಲಿ. ಅದರ ಹಿಂದಿನ ವರ್ಷವಷ್ಟೇ, 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಿತ್ತು. ಉಳುವವನೇ ಒಡೆಯ ಎಂಬ ಘೋಷಣೆ ಹಳ್ಳಿಹಳ್ಳಿಯಲ್ಲಿ ಕೇಳುತ್ತಿದ್ದ ಹೊತ್ತಿನಲ್ಲಿ ಚೋಮ ತೆರೆಯ ಮೇಲೆ ಮತ್ತೆ ಸತ್ತ. ಆದರೆ ಕಾನೂನು ನೆಲ ಕೊಟ್ಟದ್ದು ಗೇಣಿದಾರನಿಗೆ. ಚೋಮ ಗೇಣಿದಾರನೂ ಆಗಿರಲಿಲ್ಲ, ಅಸ್ಪೃಶ್ಯನೆಂದು ಅವನಿಗೆ ಗೇಣಿಯೇ ಸಿಕ್ಕಿರಲಿಲ್ಲ. ಹಾಗಾಗಿ ನಲವತ್ತು ವರ್ಷ ಹಳೆಯ ಆ ಕೊನೆ ಹಳತಾಗಿರಲಿಲ್ಲ.

ಅನಂತಮೂರ್ತಿಯವರ ‘ಭಾರತೀಪುರ’ (1973) ಇನ್ನೂ ಚುರುಕು. ಇಂಗ್ಲೆಂಡಿನಿಂದ ಮರಳಿದ ಜಗನ್ನಾಥ ದಲಿತರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯಲು ದಿನ ನಿಗದಿ ಮಾಡುತ್ತಾನೆ. ಪ್ರವೇಶ ಆಯಿತೇ ಇಲ್ಲವೇ ಎಂದು ಓದುಗ ಕಾಯುತ್ತಿರುವಾಗ ಅರ್ಚಕರ ಮಗ ಗಣೇಶನೇ ಲಿಂಗವನ್ನು ಕಿತ್ತು ಹೊಳೆಗೆ ಎಸೆಯುತ್ತಾನೆ. ದೇವರೇ ಇಲ್ಲದ ಗುಡಿಗೆ ಪ್ರವೇಶಿಸುವುದೇನು ಬಂತು? ನಾಯಕನ ಕೈಯಿಂದ ಕೊನೆಯನ್ನೇ ಕಸಿದುಕೊಳ್ಳುವ ಈ ಉಪಾಯ ಕನ್ನಡದಲ್ಲಿ ಅಪರೂಪ. ಗೆಲುವೂ ಇಲ್ಲ, ಸೋಲೂ ಇಲ್ಲ, ಮುಜುಗರ ಮಾತ್ರ ಉಂಟು. ತೇಜಸ್ವಿ ಇನ್ನೊಂದು ದಾರಿ ಹಿಡಿದರು. ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿ, ಲಂಟಾನ, ಕೋಮು ಜಗಳ, ಗುಪ್ತಚಾರಿಕೆ ಎಲ್ಲವನ್ನೂ ಕಲಸಿ ನಗಿಸುತ್ತ ಬಂದು ಕೊನೆಗೆ ಕೆಸರೂರಿಗೆ ಬೆಂಕಿ ಹಚ್ಚಿಬಿಡುತ್ತಾರೆ.

ಜೆ.ಪಿ. ನಗರದಲ್ಲಿ ನೆಲೆಸಿದ್ದ ಗಿರೀಶ ಕಾರ್ನಾಡರು ಕಾದಂಬರಿಕಾರರಲ್ಲ, ನಿಜ. ಆದರೂ ಕೊನೆಯ ಸಮಸ್ಯೆಯನ್ನು ಅವರಷ್ಟು ಸಲ ಎದುರಿಸಿದವರು ಕಡಿಮೆ. ಮಹಮ್ಮದ್ ಬಿನ್ ತುಘಲಕ್ 1351ರಲ್ಲಿ ಸಿಂಧ್ ಕಡೆಯ ದಂಡಯಾತ್ರೆಯಲ್ಲಿ ಸತ್ತ. 1964ರ ‘ತುಘಲಕ್’ ನಾಟಕ ಅಲ್ಲಿಯವರೆಗೆ ಹೋಗುವುದಿಲ್ಲ. ಹಗಲಿರುಳು ನಿದ್ದೆಯಿಲ್ಲದ ಸುಲ್ತಾನ ಸಿಂಹಾಸನದ ಮೇಲೇ ನಿದ್ದೆ ಹೋಗಿ, ಬಾಂಗಿನ ದನಿಗೆ ಕಣ್ಣುಬಿಟ್ಟು ದಿಕ್ಕು ತೋಚದೆ ನೋಡುತ್ತಾನೆ. ನೆಹರೂ ತೀರಿಕೊಂಡ ವರ್ಷ ಬಂದ ನಾಟಕವನ್ನು ಜನ ನೆಹರೂ ಯುಗದ ಕಥೆಯೆಂದೇ ಓದಿದರು. ಸಾಯಿಸಿದ್ದರೆ ಅದು ಹದಿನಾಲ್ಕನೇ ಶತಮಾನದ ಕಥೆಯಾಗಿಯೇ ಉಳಿಯುತ್ತಿತ್ತು. ಚರಿತ್ರೆ ನಿಲ್ಲುವುದಕ್ಕಿಂತ ಸ್ವಲ್ಪ ಮುಂಚೆ ತಾವು ನಿಲ್ಲುವ ಈ ಜಾಣತನವನ್ನು ಕಾದಂಬರಿಕಾರರು ಅವರಿಂದ ಕಲಿಯಬಹುದು.

ಕಥೆಯ ಕೊನೆಗೆ ದಾಖಲೆ ಲಗತ್ತಿಸುವವರೂ ಉಂಟು. ಜಾರ್ಜ್ ಆರ್ವೆಲ್ 1949ರ ‘1984’ರ ಕೊನೆಗೆ, ಆ ಸರ್ವಾಧಿಕಾರದ ಕೃತಕ ಭಾಷೆಯ ಮೇಲೊಂದು ಅನುಬಂಧ ಸೇರಿಸಿದ. ಅಮೆರಿಕದ ಪುಸ್ತಕ ಸಂಘವೊಂದು ಅದನ್ನು, ಜೊತೆಗೆ ಕಥೆಯೊಳಗೆ ಬರುವ ಗೋಲ್ಡ್‌ಸ್ಟೀನನ ಪುಸ್ತಕದ ಭಾಗಗಳನ್ನು ತೆಗೆದರೆ ಸಾವಿರಾರು ಪ್ರತಿ ಕೊಳ್ಳುತ್ತೇವೆ ಎಂದಿತು. ಕ್ಷಯದಿಂದ ಹಾಸಿಗೆ ಹಿಡಿದಿದ್ದ ಆರ್ವೆಲ್ ಒಪ್ಪಲಿಲ್ಲ. ಸಂಘವೇ ಮಣಿಯಿತು. ಆ ಅನುಬಂಧ ಪೂರ್ತಿ ಭೂತಕಾಲದಲ್ಲಿದೆ, ಅಂದರೆ ಆ ಆಡಳಿತ ಎಂದೋ ಬಿದ್ದುಹೋಯಿತು ಎಂಬ ಸುಳಿವು ಅದರಲ್ಲಿದೆ ಎಂದು ಕೆಲವರು ವಾದಿಸುತ್ತಾರೆ. ಕಥೆಯಲ್ಲಿ ನಾಯಕ ವಿನ್‌ಸ್ಟನ್ ಸೋತಿದ್ದಾನೆ, ವ್ಯಾಕರಣದಲ್ಲಿ ಗೆದ್ದಿದ್ದಾನೆ! ನಮ್ಮಲ್ಲಿ ಎಸ್.ಎಲ್. ಭೈರಪ್ಪನವರ ‘ಆವರಣ’ (2007) ಕಥೆಯೊಳಗೇ ಆಕರ ಗ್ರಂಥಗಳ ಪಟ್ಟಿಯನ್ನು ತಂದಿತು. ಅದು ಕಾದಂಬರಿಗೆ ಬಲವೋ, ಕಾದಂಬರಿಯ ಕೆಲಸವನ್ನು ಗ್ರಂಥಾಲಯಕ್ಕೆ ವಹಿಸಿದಂತೆಯೋ ಎಂಬ ಜಗಳ ಆಗ ಜೋರಾಗಿಯೇ ನಡೆಯಿತು. ಆರ್ವೆಲನ ಅನುಬಂಧ ಓದುಗನಲ್ಲಿ ಅನುಮಾನ ಹುಟ್ಟಿಸುತ್ತದೆ, ಭೈರಪ್ಪನವರ ಪಟ್ಟಿ ಅನುಮಾನ ತೀರಿಸಲು ಹೊರಡುತ್ತದೆ. ಈ ಲೇಖಕನ ಒಲವು ಮೊದಲನೆಯದರ ಕಡೆಗೆ.

ಇವತ್ತು ಬೆಂಗಳೂರಿನಲ್ಲಿ ಕೂತು ರಾಜಕೀಯ ಕಾದಂಬರಿ ಬರೆಯುವವರ ಪಾಡೇನು? ಈಚಿನ ಒಂದು ವಿಧಾನಸಭೆಯನ್ನೇ ತೆಗೆದುಕೊಳ್ಳಿ. 2018ರ ಮೇ 17ರಂದು ಯಡಿಯೂರಪ್ಪ ಪ್ರಮಾಣವಚನ, 19ರಂದು ರಾಜೀನಾಮೆ, 23ರಂದು ಕುಮಾರಸ್ವಾಮಿ. ಶಾಸಕರು ರೆಸಾರ್ಟಿಗೆ, ಮುಂಬಯಿಯ ಹೋಟೆಲಿಗೆ. 2019ರ ಜುಲೈನಲ್ಲಿ ಸರ್ಕಾರ ಬಿದ್ದು ಮತ್ತೆ ಯಡಿಯೂರಪ್ಪ. 2021ರ ಜುಲೈನಲ್ಲಿ ಅವರ ಕಣ್ಣೀರು, ಆಮೇಲೆ ಬೊಮ್ಮಾಯಿ. ಇದರಲ್ಲಿ ಯಾವ ದಿನ ಪುಸ್ತಕ ಮುಗಿಸುವುದು? ಯಾವ ದಿನ ಮುಗಿಸಿದರೂ ಮರುದಿನದ ಟಿ.ವಿ. ಅದನ್ನು ಸುಳ್ಳು ಮಾಡುತ್ತದೆ.

ವ್ಯಂಗ್ಯವೇ ಇಂಥ ಕಥೆಗೆ ಹೊಂದುವ ಧಾಟಿ ಎನಿಸಬಹುದು. ಆದರೆ ನಗಿಸಿ ಮುಗಿಸುವ ಅಪಾಯವೂ ಅಲ್ಲೇ ಇದೆ. ವಿಧಾನಸೌಧದ ಆಟ ದಿನವೂ ಪತ್ರಿಕೆಯ ವ್ಯಂಗ್ಯಚಿತ್ರದಲ್ಲಿ ಬರುತ್ತದೆ, ಕಾದಂಬರಿ ಅದಕ್ಕಿಂತ ಹೆಚ್ಚಿನದನ್ನು ಕೊಡಬೇಕಲ್ಲ.

ವಿವೇಕ ಶಾನಭಾಗರು ವಿಧಾನಸೌಧದ ಕಡೆ ಹೋಗುವುದೇ ಇಲ್ಲ. ‘ಘಾಚರ್ ಘೋಚರ್’ನಲ್ಲಿ ದಿಢೀರ್ ದುಡ್ಡು ಕಂಡ ಬೆಂಗಳೂರಿನ ಕುಟುಂಬವೊಂದು ತನ್ನ ಹಿತ ಕಾಯಲು ಎಷ್ಟು ದೂರ ಹೋಗಬಲ್ಲದು ಎಂಬುದನ್ನು ತೋರಿಸಿ, ಸೊಸೆ ಅನಿತಾಗೆ ಏನಾಯಿತು ಎಂದು ಹೇಳದೆಯೇ ನಿಲ್ಲಿಸುತ್ತಾರೆ. 2021ರ ‘ಸಕೀನಾಳ ಮುತ್ತು’ ಶುರುವಾಗುವುದು ಮನೆಯ ಬಾಗಿಲಿಗೆ ಮಗಳನ್ನು ಕೇಳಿಕೊಂಡು ಬಂದ ಇಬ್ಬರು ಹುಡುಗರಿಂದ. ಮಧ್ಯಮವರ್ಗದ ಅಪ್ಪ ವೆಂಕಟ, ಹೆಂಡತಿ ವಿಜಿ, ಮಗಳು ರೇಖಾ, ಹಿಂದೆಂದೋ ಕಾಣೆಯಾದ ಮಾವ ರಮಣ. ದೇಶದ ರಾಜಕೀಯವೆಲ್ಲ ಆ ಮನೆಯ ಊಟದ ಮೇಜಿಗೇ ಬಂದು ಕೂರುತ್ತದೆ. ಕಥೆ ಹೇಳುವ ವೆಂಕಟನನ್ನೇ ಪೂರ್ತಿ ನಂಬುವಂತಿಲ್ಲವಾದ್ದರಿಂದ, ಅವನು ಹೇಳಿದ ಕೊನೆಯನ್ನು ಕೊನೆ ಎನ್ನಬಹುದೇ ಎಂಬ ಜಗಳ ಓದುಗನಿಗೇ ಬಿಟ್ಟದ್ದು. ಜಯನಗರ ನಾಲ್ಕನೇ ಬ್ಲಾಕಿನ ಟೋಟಲ್ ಕನ್ನಡದಲ್ಲೋ ಗಾಂಧಿ ಬಜಾರಿನ ಅಂಕಿತದಲ್ಲೋ ಈ ಪುಸ್ತಕ ಕೇಳುವವರು ‘ಅವಸ್ಥೆ’ಯನ್ನೂ ಜೊತೆಗೆ ಕೇಳಿ, ಒಂದಾದ ಮೇಲೊಂದು ಓದಿ ನೋಡಬೇಕು. ಕೃಷ್ಣಪ್ಪ ಗೌಡನಿಗೆ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವ ತ್ರಾಣವಾದರೂ ಇತ್ತು. ವೆಂಕಟನಿಗೆ ಅದೂ ಇದ್ದಂತೆ ಕಾಣುವುದಿಲ್ಲ.